ಕಾರಣ ಕೇಳುವ ಹಕ್ಕು: ಕುಟುಂಬ ವೀಸಾ ಮತ್ತು ನ್ಯಾಯಾಲಯ

ಸರ್ಕಾರಿ ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಸಹಿ ಮಾಡಿದ ಒಂದು ಹಿಂಬರಹ ಇಂದಿಗೂ ನನ್ನನ್ನು ಕಾಡುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡ ನೌಕರರೊಬ್ಬರ ಪತ್ನಿ ಅನುಕಂಪದ ಆಧಾರದ ಮೇಲೆ ಕೆಲಸ ಕೋರಿದ್ದರು. ‘ಅರ್ಜಿಯನ್ನು ಪರಿಶೀಲಿಸಲಾಗಿದೆ. ನಿಯಮಾನುಸಾರ ಅವಕಾಶವಿಲ್ಲದ್ದರಿಂದ ತಿರಸ್ಕರಿಸಲಾಗಿದೆ’ ಎಂದು ಎರಡು ವಾಕ್ಯ; ಕೆಳಗೆ ನನ್ನ ಸಹಿ, ಕಚೇರಿಯ ಮೊಹರು. ವಿಷಯ ನಿರ್ವಾಹಕ ಬರೆದು ತಂದ ಟಿಪ್ಪಣಿಯನ್ನು ನಾನು ಅನುಮೋದಿಸಿದ್ದೆ, ಅಷ್ಟೇ. ಆಕೆ ಹೈಕೋರ್ಟಿಗೆ ಹೋದರು. ನ್ಯಾಯಾಲಯ ಆಕೆಗೆ ಕೆಲಸ ಕೊಡಿಸಲಿಲ್ಲ. ಕಾರಣವಿಲ್ಲದ ಆದೇಶ ಊರ್ಜಿತವಲ್ಲವೆಂದು ಅದನ್ನು ರದ್ದುಪಡಿಸಿ, ಕಾರಣಸಹಿತ ಹೊಸ ಆದೇಶ ಹೊರಡಿಸುವಂತೆ ಕಡತವನ್ನು ನನಗೇ ಮರಳಿಸಿತು.

ಕಿರಿಯ ಅಧಿಕಾರಿಯ ಅಭಿಮಾನಕ್ಕೆ ಪೆಟ್ಟು ಬಿದ್ದಿತ್ತು. ತಿರಸ್ಕಾರಕ್ಕೆ ಬಲವಾದ ಕಾರಣಗಳನ್ನೇ ಬರೆದುಬಿಡೋಣವೆಂದು ಒಂದು ಸಂಜೆ ಕಡತ ಬಿಚ್ಚಿ ಕುಳಿತೆ. ಕಾರಣ ಸಿಗಲಿಲ್ಲ. ಅರ್ಜಿಯು ಒಂದು ವರ್ಷದ ಗಡುವು ಮೀರಿ ಬಂದಿದೆ ಎಂಬುದು ಟಿಪ್ಪಣಿಯ ಆಧಾರವಾಗಿತ್ತು. ಆದರೆ ಪತಿ ದುಡಿಯುತ್ತಿದ್ದ ಕಚೇರಿಗೆ ಆಕೆ ಗಡುವಿನೊಳಗೇ ಅರ್ಜಿ ಕೊಟ್ಟಿದ್ದರು. ಸ್ವೀಕೃತಿಯ ಮೊಹರು ಕಡತದಲ್ಲೇ ಇತ್ತು. ಆ ಕಚೇರಿಯಿಂದ ನಮ್ಮ ಕಚೇರಿಗೆ ಬರಲು ಕಾಗದ ತೆಗೆದುಕೊಂಡ ಏಳು ತಿಂಗಳನ್ನು ನಾವು ಆಕೆಯ ವಿಳಂಬವೆಂದು ಲೆಕ್ಕ ಹಾಕಿದ್ದೆವು.

ಈ ಹಳೆಯ ಸಂಗತಿ ಮತ್ತೆ ನೆನಪಾದದ್ದು ವೀಸಾ ವಿಚಾರವಾಗಿ. ಬೆಳಗಿನ ನಡಿಗೆಗೆಂದು ನಮ್ಮ ಬಡಾವಣೆಯ ಉದ್ಯಾನದಲ್ಲಿ ಸೇರುವ ನನ್ನ ವಯಸ್ಸಿನವರಲ್ಲಿ ಹೆಚ್ಚಿನವರ ಮಕ್ಕಳು ಹೊರದೇಶದಲ್ಲಿದ್ದಾರೆ. ಹಿಂದೆಲ್ಲ ಮಾತು ಮಕ್ಕಳ ಸಂಬಳದ ಸುತ್ತ ಸುತ್ತುತ್ತಿತ್ತು. ಈಗ ಸೊಸೆಗೆ ವೀಸಾ ಸಿಕ್ಕಿತೇ, ಅಳಿಯನ ಕಾಗದಪತ್ರ ಎಲ್ಲಿಗೆ ಬಂತು, ಮೊಮ್ಮಗುವಿನ ನಾಮಕರಣಕ್ಕೆ ಹೋಗಲು ಬಿಡುತ್ತಾರೆಯೇ ಎಂಬ ಪ್ರಶ್ನೆಗಳೇ ಹೆಚ್ಚು. ನಿರಾಕರಣೆಯ ಪತ್ರ ಬಂದ ಮನೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: ಯಾಕಂತೆ? ಈ ‘ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಪಡೆಯುವ ಹಕ್ಕು ಯಾರಿಗಾದರೂ ಇದೆಯೇ, ಆ ಉತ್ತರ ಸರಿಯೇ ಎಂದು ನೋಡುವ ಅಧಿಕಾರ ನ್ಯಾಯಾಲಯಕ್ಕೆ ಇದೆಯೇ ಎಂಬುದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡ ಪ್ರಶ್ನೆ. ಪ್ರಜಾಪ್ರಭುತ್ವಗಳು ಇದಕ್ಕೆ ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ತೀರ ಭಿನ್ನವಾಗಿವೆ.

ಮೊದಲೇ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ತನ್ನ ಗಡಿಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ತೀರ್ಮಾನಿಸುವುದು ಯಾವುದೇ ಸಾರ್ವಭೌಮ ರಾಷ್ಟ್ರದ ಹಕ್ಕು. ಪ್ರವಾಸಕ್ಕೆಂದೋ ವ್ಯಾಪಾರಕ್ಕೆಂದೋ ಬರಬಯಸುವ ಪರದೇಶಿಯನ್ನು ಬೇಡವೆನ್ನಲು ಸರ್ಕಾರ ದೊಡ್ಡ ವಿವರಣೆ ಕೊಡಬೇಕಿಲ್ಲ. ಮನೆಗೆ ಯಾರನ್ನು ಕರೆಯಬೇಕೆಂಬುದು ಮನೆಯವರಿಗೆ ಬಿಟ್ಟದ್ದು. ಆದರೆ ಕುಟುಂಬ ವೀಸಾದ ವಿಚಾರದಲ್ಲಿ ಈ ಹೋಲಿಕೆ ನಿಲ್ಲುವುದಿಲ್ಲ. ಅಲ್ಲಿ ಕರೆಯುತ್ತಿರುವವಳೂ ಆ ಮನೆಯವಳೇ. ಆಕೆ ಆ ದೇಶದ ಪ್ರಜೆ, ತೆರಿಗೆ ಕಟ್ಟುವವಳು, ಮತ ಹಾಕುವವಳು. ಬಾಗಿಲ ಹೊರಗೆ ನಿಂತಿರುವುದು ಆಕೆಯ ಗಂಡ, ಇಲ್ಲವೇ ತಾಯಿ. ಅವರಿಗೆ ‘ಇಲ್ಲ’ ಎಂದಾಗ ಪೆಟ್ಟು ಬೀಳುವುದು ಒಳಗಿರುವ ಪ್ರಜೆಗೂ ಹೌದು.

ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್ 21ರಂದು ಈ ಪ್ರಶ್ನೆಗೆ ಕೊಟ್ಟ ಉತ್ತರ ನಿಷ್ಠುರವಾದದ್ದು. ಮುನ್ಯೋಸ್ ಪ್ರಕರಣವೆಂದು ಅದು ಹೆಸರಾಗಿದೆ. ಅರ್ಜಿದಾರಳು ಅಮೆರಿಕದ ಪ್ರಜೆ, ವೃತ್ತಿಯಿಂದ ವಕೀಲೆ. 2010ರಲ್ಲಿ ಎಲ್ ಸಾಲ್ವಡಾರ್ ದೇಶದವನನ್ನು ಮದುವೆಯಾದಳು; ದಂಪತಿಗೆ ಮಗುವೂ ಇತ್ತು. ವಲಸೆ ವೀಸಾದ ಅಂತಿಮ ಹಂತಕ್ಕಾಗಿ ಪತಿ 2015ರಲ್ಲಿ ತನ್ನ ಹುಟ್ಟುದೇಶದ ದೂತಾವಾಸಕ್ಕೆ ಹೋದ. ಆ ವರ್ಷದ ಡಿಸೆಂಬರ್‌ನಲ್ಲಿ ವೀಸಾ ನಿರಾಕರಣೆಯಾಯಿತು. ಪತ್ರದಲ್ಲಿ ಇದ್ದದ್ದು ಕಾನೂನಿನ ಒಂದು ಕಲಮಿನ ಉಲ್ಲೇಖ ಮಾತ್ರ: ದೇಶಕ್ಕೆ ಬಂದು ಕಾನೂನುಬಾಹಿರ ಚಟುವಟಿಕೆಯಲ್ಲಿ ತೊಡಗಬಹುದಾದವರಿಗೆ ಅನ್ವಯಿಸುವ ಕಲಮು. ಏನು ಚಟುವಟಿಕೆ, ಯಾವ ಆಧಾರ ಎಂಬುದು ತಿಳಿಯಲಿಲ್ಲ. ಮೈಮೇಲಿನ ಹಚ್ಚೆಗಳೇ ಸಂಶಯಕ್ಕೆ ಕಾರಣವಿರಬೇಕೆಂದು ದಂಪತಿ ಊಹಿಸಿ, ಅವು ಯಾವ ಪಾತಕಿ ಗುಂಪಿನ ಗುರುತೂ ಅಲ್ಲವೆಂದು ತಜ್ಞರೊಬ್ಬರ ಅಭಿಪ್ರಾಯವನ್ನು ಸಲ್ಲಿಸಿದರು. ಆತ ಎಂಎಸ್–13 ಎಂಬ ಗುಂಪಿನ ಸದಸ್ಯನೆಂದು ಅಧಿಕಾರಿ ಭಾವಿಸಿದ್ದರೆಂಬ ಸಂಗತಿ ಹೊರಬಂದದ್ದು ದಾವೆ ಹೂಡಿದ ಮೇಲೆ, ನಿರಾಕರಣೆಯಾಗಿ ಸುಮಾರು ಮೂರು ವರ್ಷಗಳ ನಂತರ.

ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆಕೆಯ ವಿರುದ್ಧ ತೀರ್ಪಿತ್ತಿತು. ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬರೆದ ಬಹುಮತದ ಅಭಿಪ್ರಾಯದ ತಿರುಳು ಇಷ್ಟು: ಮದುವೆಯಾಗುವ ಹಕ್ಕು ಪ್ರಜೆಗೆ ಇದೆ, ಆದರೆ ಪರದೇಶಿ ಸಂಗಾತಿಯನ್ನು ದೇಶದೊಳಗೆ ಕರೆಸಿಕೊಳ್ಳುವುದು ಸಂವಿಧಾನ ರಕ್ಷಿಸುವ ಮೂಲಭೂತ ಸ್ವಾತಂತ್ರ್ಯವಲ್ಲ. ಹಕ್ಕೇ ಇಲ್ಲವೆಂದ ಮೇಲೆ ಕಾರಣ ಕೇಳುವ ಪ್ರಶ್ನೆಯೂ ಉಳಿಯುವುದಿಲ್ಲ. ನ್ಯಾಯಮೂರ್ತಿ ಸೋನಿಯಾ ಸೊಟೊಮಯೊರ್ ಭಿನ್ನಮತ ದಾಖಲಿಸಿದರು. ಸರ್ಕಾರ ಕಾರಣ ಹೇಳಿದ್ದೂ ಮೊಕದ್ದಮೆ ನಡೆದುದರಿಂದಲೇ ಎಂಬುದನ್ನು ಗಮನಿಸಬೇಕು. ನಾಳೆಯ ಅರ್ಜಿದಾರಳಿಗೆ ಆ ಮಟ್ಟಿಗಿನ ದಾರಿಯೂ ಕಿರಿದಾಗಿದೆ.

ದೂತಾವಾಸದ ಅಧಿಕಾರಿಯ ತೀರ್ಮಾನವನ್ನು ನ್ಯಾಯಾಲಯ ಪ್ರಶ್ನಿಸಬಾರದೆಂಬ ಈ ಸಿದ್ಧಾಂತದ ಬೇರು ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀಯರನ್ನು ಹೊರಗಿಟ್ಟ ಕಾನೂನುಗಳ ಕಾಲದ ತೀರ್ಪುಗಳಲ್ಲಿದೆ. ಅದು ಗಟ್ಟಿಯಾದದ್ದು 1950ರ ನಾಫ್ ಪ್ರಕರಣದಲ್ಲಿ. ಎಲೆನ್ ನಾಫ್ ಜರ್ಮನಿಯಲ್ಲಿ ಹುಟ್ಟಿದವಳು. ಯುದ್ಧಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ್ದಳು. 1948ರಲ್ಲಿ ಅಮೆರಿಕದ ಪ್ರಜೆಯೊಬ್ಬನನ್ನು ಮದುವೆಯಾಗಿ ನ್ಯೂಯಾರ್ಕಿಗೆ ಬಂದಿಳಿದಳು. ರಹಸ್ಯ ಮಾಹಿತಿಯ ಆಧಾರದ ಮೇಲೆ, ಒಂದು ವಿಚಾರಣೆಯೂ ಇಲ್ಲದೆ, ಆಕೆಯನ್ನು ಎಲ್ಲಿಸ್ ದ್ವೀಪದಲ್ಲಿ ತಡೆದಿಟ್ಟರು. ಸಂಸತ್ತು ಒಪ್ಪಿದ ಕ್ರಮ ಯಾವುದೋ, ಪ್ರವೇಶ ನಿರಾಕರಿಸಲ್ಪಟ್ಟ ಪರದೇಶಿಗೆ ಅದೇ ನ್ಯಾಯವೆಂದು ಸುಪ್ರೀಂ ಕೋರ್ಟ್ 4–3ರಲ್ಲಿ ಹೇಳಿತು. ಕಥೆಯ ಉತ್ತರಾರ್ಧವನ್ನು ಕಾನೂನಿನ ವಿದ್ಯಾರ್ಥಿಗಳು ಅಷ್ಟಾಗಿ ಓದುವುದಿಲ್ಲ. ಪತ್ರಿಕೆಗಳಲ್ಲಿ ಗದ್ದಲವಾಗಿ, ಕೊನೆಗೆ ವಿಚಾರಣೆಯೊಂದು ನಡೆದು, ಆಕೆಯ ವಿರುದ್ಧದ ಸಾಕ್ಷ್ಯಕ್ಕೆ ಸತ್ತ್ವವಿಲ್ಲವೆಂದು ಮೇಲ್ಮನವಿ ಮಂಡಳಿಗೆ ಕಂಡುಬಂದು, 1951ರಲ್ಲಿ ಆಕೆಯನ್ನು ಒಳಗೆ ಬಿಡಲಾಯಿತು. ರಹಸ್ಯವೆಂದು ಬಚ್ಚಿಟ್ಟಿದ್ದುದು ಬೆಳಕಿಗೆ ಬಂದಾಗ ಅದರ ತೂಕ ಅಷ್ಟೇ ಎಂದು ತಿಳಿಯಿತು. ಗಡುವಿನ ವಿಚಾರದಲ್ಲಿ ನನ್ನ ಕಡತದ ತೂಕವೂ ಅಷ್ಟೇ ಇತ್ತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಕಾಣುವುದು ಪ್ರೋತ್ಸಾಹಕಗಳ ಅಸಮತೋಲನ. ವೀಸಾ ಅಧಿಕಾರಿ ಎರಡು ಬಗೆಯಲ್ಲಿ ತಪ್ಪಬಹುದು. ಕೊಡಬಾರದವನಿಗೆ ಕೊಟ್ಟರೆ ಒಂದು ದಿನ ಅದು ಪತ್ರಿಕೆಯ ಮುಖಪುಟಕ್ಕೆ ಬರಬಹುದು, ಇಲಾಖಾ ವಿಚಾರಣೆಯಾಗಬಹುದು, ಬಡ್ತಿ ನಿಲ್ಲಬಹುದು. ಕೊಡಬೇಕಾದವನಿಗೆ ಕೊಡದಿದ್ದರೆ ಆತನಿಗೆ ಏನೂ ಆಗುವುದಿಲ್ಲ. ಆ ತಪ್ಪಿನ ಪೂರ್ತಿ ಬೆಲೆಯನ್ನು ತೆರುವುದು ಎಲ್ಲೋ ದೂರದ ಒಂದು ಸಂಸಾರ. ಒಂದು ತಪ್ಪಿಗೆ ಭಾರಿ ದಂಡ, ಇನ್ನೊಂದಕ್ಕೆ ಏನೂ ಇಲ್ಲ ಎಂದಾದಾಗ ವಿವೇಕಿಯಾದ ಅಧಿಕಾರಿ ಯಾವ ಕಡೆಗೆ ವಾಲುತ್ತಾನೆಂದು ಹೇಳಲು ದೊಡ್ಡ ಸಿದ್ಧಾಂತ ಬೇಕಿಲ್ಲ. ಆತ ಕೆಟ್ಟವನಾಗಿರಬೇಕಿಲ್ಲ, ಜನಾಂಗದ್ವೇಷಿಯಾಗಿರಬೇಕಿಲ್ಲ. ಸಂಜೆಯೊಳಗೆ ಇಷ್ಟು ಕಡತ ಮುಗಿಸಬೇಕಾದ ಸಾಧಾರಣ ನೌಕರನಾಗಿದ್ದರೆ ಸಾಕು. ನ್ಯಾಯಾಂಗ ಪರಾಮರ್ಶೆ ಮಾಡುವುದು ಇಷ್ಟೇ: ಎರಡನೆಯ ಬಗೆಯ ತಪ್ಪಿಗೂ ಒಂದು ಬೆಲೆ ಕಟ್ಟುತ್ತದೆ. ನನ್ನ ಆ ಹಿಂಬರಹ ರದ್ದಾದ ಮೇಲೆ ಸೇವೆಯ ಉಳಿದಷ್ಟು ವರ್ಷ ನಾನು ಪ್ರತಿ ತಿರಸ್ಕಾರದ ಕೆಳಗೂ ಕಾರಣ ಬರೆದೆ. ಅದು ನನ್ನ ಸಜ್ಜನಿಕೆಯಿಂದಲ್ಲ, ಯಾರಾದರೂ ಓದಿಯಾರು ಎಂಬ ಅಂಜಿಕೆಯಿಂದ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿನ ಇತಿಹಾಸವೇನೂ ಹೆಮ್ಮೆಪಡುವಂಥದ್ದಲ್ಲ. ಮದುವೆಗೆಂದು ಬಂದ ಭಾರತೀಯ ಶಿಕ್ಷಕಿಯೊಬ್ಬರನ್ನು 1979ರಲ್ಲಿ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ್ದು ಬಯಲಾಗಿ ಎರಡೂ ದೇಶಗಳಲ್ಲಿ ಕೋಲಾಹಲವಾಗಿತ್ತು. ಮದುವೆಯ ‘ಪ್ರಧಾನ ಉದ್ದೇಶ’ ಬ್ರಿಟನ್ನಿನಲ್ಲಿ ನೆಲೆಸುವುದಲ್ಲ ಎಂದು ಅರ್ಜಿದಾರನೇ ಸಾಬೀತುಪಡಿಸಬೇಕೆಂಬ ನಿಯಮ 1997ರವರೆಗೂ ಜಾರಿಯಲ್ಲಿತ್ತು. ಇಲ್ಲದ ಉದ್ದೇಶವನ್ನು ಇಲ್ಲವೆಂದು ಸಾಬೀತುಪಡಿಸುವುದು ಹೇಗೆ? ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಎಷ್ಟೋ ವರರು ಈ ನಿಯಮಕ್ಕೆ ಸಿಕ್ಕಿ ಮದುವೆಯಾಗಿಯೂ ಒಂಟಿಯಾಗಿ ಉಳಿದರು.

ಆದರೂ ಅಲ್ಲಿ ನ್ಯಾಯಾಲಯದ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನೆಲೆಸಿದ ಪುರುಷರು ಪತ್ನಿಯರನ್ನು ಸುಲಭವಾಗಿ ಕರೆಸಿಕೊಳ್ಳಬಹುದು, ಮಹಿಳೆಯರು ಪತಿಯನ್ನು ಹಾಗೆ ಕರೆಸಿಕೊಳ್ಳುವಂತಿಲ್ಲ ಎಂಬ ನಿಯಮವನ್ನು ಮೂವರು ಮಹಿಳೆಯರು ಪ್ರಶ್ನಿಸಿದಾಗ, ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ಅದು ಲಿಂಗತಾರತಮ್ಯವೆಂದು ಘೋಷಿಸಿತು. ಸರ್ಕಾರ ತೀರ್ಪನ್ನು ಪಾಲಿಸಿದ ಬಗೆ ಮಾತ್ರ ಸ್ವಾರಸ್ಯಕರ. ಮಹಿಳೆಯರಿಗೆ ಪುರುಷರಷ್ಟು ಸೌಲಭ್ಯ ಕೊಡುವ ಬದಲು, ಪುರುಷರ ಸೌಲಭ್ಯವನ್ನೇ ಮಹಿಳೆಯರ ಮಟ್ಟಕ್ಕೆ ಇಳಿಸಿ ಸಮಾನತೆ ಸಾಧಿಸಿತು! ಆಡಳಿತದಲ್ಲಿ ಇದ್ದವರಿಗೆ ಇಂಥ ಜಾಣತನ ಹೊಸದಲ್ಲ. ಎಲ್ಲ ಕಾರ್ಯಾಂಗಗಳೂ ಒಂದೇ ಗುರುವಿನ ಶಿಷ್ಯರೆಂದು ನನಗೆ ಅನ್ನಿಸಿದ್ದುಂಟು. ನ್ಯಾಯಾಲಯದಲ್ಲಿ ಗೆಲ್ಲುವುದಕ್ಕೂ ಬದುಕಿನಲ್ಲಿ ಗೆಲ್ಲುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2011ರ ತೀರ್ಪು ಹೆಚ್ಚು ಫಲ ಕೊಟ್ಟಿತು. ಬಲವಂತದ ಮದುವೆಗಳನ್ನು ತಡೆಯುವ ಹೆಸರಿನಲ್ಲಿ ಸಂಗಾತಿ ವೀಸಾದ ಕನಿಷ್ಠ ವಯಸ್ಸನ್ನು 2008ರಲ್ಲಿ 18ರಿಂದ 21ಕ್ಕೆ ಏರಿಸಲಾಗಿತ್ತು. ಉದ್ದೇಶ ಒಳ್ಳೆಯದೇ. ಆದರೆ ಒಪ್ಪಿ ಮದುವೆಯಾದ ಅಸಂಖ್ಯ ತರುಣ ದಂಪತಿಗಳನ್ನು ಬೇರೆಯಾಗಿಡುವ ಈ ಕ್ರಮ ಬಲವಂತದ ಮದುವೆಗಳನ್ನು ನಿಜಕ್ಕೂ ತಡೆಯುತ್ತದೆಯೇ ಎಂಬುದಕ್ಕೆ ಸರ್ಕಾರದ ಬಳಿ ಗಟ್ಟಿಯಾದ ಪುರಾವೆಯಿರಲಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅದನ್ನು ಕುಟುಂಬ ಜೀವನದ ಹಕ್ಕಿನಲ್ಲಿ ಸಮರ್ಥನೆಯಿಲ್ಲದ ಹಸ್ತಕ್ಷೇಪವೆಂದು ಹೇಳಿತು.

ಇನ್ನು ಆದಾಯದ ಮಿತಿ. ಇದು ನನ್ನ ವಿಷಯವಾದ್ದರಿಂದ ತುಸು ನಿಲ್ಲುತ್ತೇನೆ. 2012ರ ಜುಲೈನಿಂದ ಬ್ರಿಟನ್ನಿನ ಪ್ರಜೆ ಪರದೇಶಿ ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಗಳಿಸುತ್ತಿರಬೇಕು ಎಂಬ ನಿಯಮ ಬಂತು. ಸರಾಸರಿ ಕುಟುಂಬವೊಂದು ಆದಾಯಾಧಾರಿತ ಸರ್ಕಾರಿ ಸಹಾಯಧನದ ಹಂಗಿಲ್ಲದೆ ಬದುಕಲು ಬೇಕಾದ ಮೊತ್ತವೆಂದು ವಲಸೆ ಸಲಹಾ ಸಮಿತಿ ಲೆಕ್ಕ ಹಾಕಿದ ಅಂಕಿ ಅದು. ಆ ವರ್ಷದ ಅಕ್ಟೋಬರ್‌ನಲ್ಲಿ ವಯಸ್ಕರ ಕನಿಷ್ಠ ವೇತನ ಗಂಟೆಗೆ 6.19 ಪೌಂಡ್. ವಾರಕ್ಕೆ 40 ಗಂಟೆ, ವರ್ಷದ 52 ವಾರವೂ ರಜೆಯಿಲ್ಲದೆ ದುಡಿದರೆ ಕೈಗೆ ಬರುವುದು ಸುಮಾರು 12,900. ಎಂದರೆ, ಕಾನೂನು ಒಪ್ಪಿದ ಕೂಲಿಯಲ್ಲಿ ಪೂರ್ಣಾವಧಿ ದುಡಿಯುವ ಪ್ರಜೆಗೆ ಪರದೇಶಿಯನ್ನು ಮದುವೆಯಾಗಿ ಸ್ವಂತ ಊರಿನಲ್ಲಿ ಸಂಸಾರ ಹೂಡುವ ಯೋಗ್ಯತೆಯಿಲ್ಲ. ಉಳಿತಾಯದ ಬಲದಿಂದಲೇ ಮಿತಿ ದಾಟುತ್ತೇನೆಂದರೆ 62,500 ಪೌಂಡ್ ಬ್ಯಾಂಕಿನಲ್ಲಿ ತೋರಿಸಬೇಕಿತ್ತು. ಬರಲಿರುವ ಸಂಗಾತಿ ಅಲ್ಲಿ ಗಳಿಸಬಹುದಾದ ಸಂಬಳವನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಲಂಡನ್ನಿಗೂ ಸಂಬಳ, ಬಾಡಿಗೆ ಎರಡೂ ಕಡಿಮೆಯಿರುವ ಉತ್ತರದ ಊರುಗಳಿಗೂ ಒಂದೇ ಅಂಕಿ. ಕಡಿಮೆ ಗಳಿಸುವವರು ಯಾರು? ತರುಣರು, ಮಹಿಳೆಯರು, ಎಳೆ ಮಕ್ಕಳನ್ನು ಸಾಕುತ್ತಾ ಅರೆಕಾಲಿಕ ಕೆಲಸ ಮಾಡುವವರು. ಸಂಗಾತಿ ಜೊತೆಗಿದ್ದರೆ ಹೆಚ್ಚು ಹೊತ್ತು ದುಡಿಯಬಲ್ಲವರನ್ನು, ಹೆಚ್ಚು ಹೊತ್ತು ದುಡಿಯುತ್ತಿಲ್ಲವೆಂಬ ಕಾರಣಕ್ಕೆ ಸಂಗಾತಿಯಿಂದ ದೂರವಿಟ್ಟಂತಾಯಿತು.

2013ರಲ್ಲಿ ಹೈಕೋರ್ಟ್ ಈ ನಿಯಮವನ್ನು ಕಟುವಾಗಿ ಟೀಕಿಸಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಸರ್ಕಾರದ ಪರ ನಿಂತಿತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನಡುದಾರಿ ಹಿಡಿಯಿತು. ಮಿತಿಯಿಂದ ಸಾವಿರಾರು ಕುಟುಂಬಗಳಿಗೆ ಕಷ್ಟವಾಗುತ್ತಿದೆಯಾದರೂ, ಕಷ್ಟವಾಗುವುದಷ್ಟರಿಂದಲೇ ಅದು ಕಾನೂನುಬಾಹಿರವಾಗದು. ಮಿತಿ ಎಷ್ಟಿರಬೇಕೆಂಬುದು ಸರ್ಕಾರ ಮತ್ತು ಸಂಸತ್ತಿನ ವಿವೇಚನೆ ಎಂದಿತು. ಆದರೆ ಮಕ್ಕಳ ಹಿತವನ್ನು ಪರಿಗಣಿಸಬೇಕೆಂಬ ಶಾಸನಬದ್ಧ ಕರ್ತವ್ಯಕ್ಕೆ ನಿಯಮಗಳು ಸರಿಯಾದ ಜಾಗ ಕೊಟ್ಟಿಲ್ಲ, ಇತರ ನಂಬಲರ್ಹ ಆದಾಯಮೂಲಗಳನ್ನು ನೋಡದಂತೆ ಅಧಿಕಾರಿಯ ಕಣ್ಣು ಕಟ್ಟಿವೆ ಎಂದೂ ಹೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಯಿತು. ಈ ಸಂಯಮ ಅಭಿಯಾನಕಾರರಿಗೆ ನಿರಾಸೆ ತಂದಿರಬಹುದು. ನನಗೆ ಮಾತ್ರ ಸರಿಯೆನಿಸುತ್ತದೆ. ಅಂಕಿಯನ್ನು ನಿಗದಿಪಡಿಸುವವರು ಮತದಾರರಿಗೆ ಉತ್ತರ ಹೇಳುವವರಾಗಿರಬೇಕು. ಆ ಅಂಕಿಯ ಅಡಿಗೆ ಸಿಕ್ಕ ಮಗುವಿನತ್ತ ಅಧಿಕಾರಿ ಕಣ್ಣು ಹಾಯಿಸಿದನೇ ಎಂದು ಕೇಳುವವರು ನ್ಯಾಯಾಧೀಶರಾಗಿರಬೇಕು.

ಸಂಯಮಕ್ಕೆ ಬೆಲೆಯೂ ಇದೆ. 2024ರ ಏಪ್ರಿಲ್‌ನಲ್ಲಿ ಮಿತಿಯನ್ನು ಒಮ್ಮೆಗೇ 29,000 ಪೌಂಡಿಗೆ ಏರಿಸಲಾಯಿತು. ಆ ತಿಂಗಳ ಕನಿಷ್ಠ ವೇತನ ಗಂಟೆಗೆ 11.44, ಅದೇ ಲೆಕ್ಕದಲ್ಲಿ ವರ್ಷದ ಗಳಿಕೆ ಸುಮಾರು 23,800. ಮುಂದೆ 38,700ರವರೆಗೆ ಏರಿಸುವುದಾಗಿಯೂ ಘೋಷಣೆಯಾಗಿತ್ತು. ಆ ವರ್ಷದ ಜುಲೈನಲ್ಲಿ ಬಂದ ಹೊಸ ಸರ್ಕಾರ ಆ ಏರಿಕೆಯನ್ನು ತಡೆಹಿಡಿದು, ಮತ್ತೆ ವಲಸೆ ಸಲಹಾ ಸಮಿತಿಯ ಅಭಿಪ್ರಾಯ ಕೇಳಿತು.

ನಮ್ಮ ಬೆಂಗಳೂರಿನ ಮಧ್ಯಮ ವರ್ಗಕ್ಕೆ ಹೆಚ್ಚು ತಟ್ಟುವುದು ಅದೇ 2012ರಲ್ಲಿ ಬದಲಾದ ಇನ್ನೊಂದು ನಿಯಮ: ವೃದ್ಧ ತಂದೆತಾಯಿಯರದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಭಾರತದ ವೈದ್ಯರು ಬಹುದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಿದ್ದಾರೆ. ಕರ್ನಾಟಕದ ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಹೋದವರು ಅವರಲ್ಲಿ ಕಡಿಮೆಯೇನಿಲ್ಲ. ಮೊದಲು 65 ದಾಟಿದ, ಮಕ್ಕಳ ಹಣದ ಮೇಲೆ ಅವಲಂಬಿತರಾದ, ಆಸರೆಗೆ ಬೇರೆ ಹತ್ತಿರದ ಬಂಧುಗಳಿಲ್ಲದ ತಂದೆತಾಯಿಯರಿಗೆ ಅಲ್ಲಿಗೆ ಹೋಗಿ ನೆಲೆಸಲು ಅವಕಾಶವಿತ್ತು. ಹೊಸ ನಿಯಮದಂತೆ, ವಯಸ್ಸು, ಕಾಯಿಲೆ ಅಥವಾ ಅಂಗವೈಕಲ್ಯದಿಂದಾಗಿ ದಿನನಿತ್ಯದ ಕೆಲಸಗಳಿಗೂ ದೀರ್ಘಕಾಲ ಇನ್ನೊಬ್ಬರ ಆರೈಕೆ ಬೇಕಾಗಿರಬೇಕು. ಜೊತೆಗೆ, ಮಕ್ಕಳು ಹಣ ಕಳಿಸಿದರೂ ಆ ಆರೈಕೆ ತಾಯ್ನಾಡಿನಲ್ಲಿ ಸಿಗುವಂತಿರಬಾರದು ಅಥವಾ ಕೈಗೆಟಕುವಂತಿರಬಾರದು. ಮಗ ಸಿರಿವಂತನಾದರೆ ಊರಿನಲ್ಲೇ ದಾದಿಯನ್ನಿಡಬಹುದಲ್ಲ ಎಂದು ಅರ್ಜಿ ಬೀಳುತ್ತದೆ. ಮಗ ಬಡವನಾದರೆ ಐದು ವರ್ಷ ಸರ್ಕಾರದ ನೆರವಿಲ್ಲದೆ ಪೋಷಿಸಲಾರೆ ಎಂದು ಅರ್ಜಿ ಬೀಳುತ್ತದೆ. ಅತ್ತ ದರಿ, ಇತ್ತ ಪುಲಿ. ಭಾರತದಂಥ ದೇಶದಲ್ಲಿ ಮನೆಗೆಲಸಕ್ಕೂ ಶುಶ್ರೂಷೆಗೂ ಜನ ಸಿಗುತ್ತಾರೆಂಬುದೇ ಇಲ್ಲಿಯ ತಾಯಿಗೆ ಮುಳುವಾಗುತ್ತದೆ.

ಈ ನಿಯಮವನ್ನು ಸಂಘಟನೆಯೊಂದು ಪ್ರಶ್ನಿಸಿತು. 2017ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು. ಅರ್ಜಿದಾರರು ಸೋತರು. ಆದರೂ ತೀರ್ಪಿನೊಳಗೆ ಒಂದು ಮಾತು ಉಳಿಯಿತು: ಬೇಕಾದ ಆರೈಕೆ ಊರಿನಲ್ಲಿ ಸಿಗುತ್ತದೆಯೇ ಎಂದು ನೋಡುವಾಗ ವೃದ್ಧರ ಮಾನಸಿಕ, ಭಾವನಾತ್ಮಕ ಅಗತ್ಯಗಳನ್ನೂ ತಜ್ಞರ ಪುರಾವೆಯಿದ್ದರೆ ಗಣನೆಗೆ ತೆಗೆದುಕೊಳ್ಳಬೇಕು. ಮರೆವಿನ ಕಾಯಿಲೆಯ ತಾಯಿಯೊಬ್ಬಳು ಗುರುತಿಸುವುದು ಮಗಳ ಮುಖವೊಂದನ್ನೇ ಆಗಿದ್ದರೆ, ಸಂಬಳದ ದಾದಿ ಇದ್ದಾಳೆ ಎಂದಷ್ಟೇ ಬರೆದು ಕಡತ ಮುಚ್ಚುವಂತಿಲ್ಲ. ಸೋತ ಮೊಕದ್ದಮೆಯೂ ಅಧಿಕಾರಿ ಕೇಳಿಕೊಳ್ಳಲೇಬೇಕಾದ ಒಂದು ಪ್ರಶ್ನೆಯನ್ನು ಕಡತಕ್ಕೆ ಸೇರಿಸಿತು.

ಬ್ರಿಟನ್ ಇತ್ತೀಚಿನ ವರ್ಷಗಳಲ್ಲಿ ಹಿಂದೆ ಸರಿದ ಜಾಗವನ್ನೂ ಹೇಳಬೇಕು. ಬಂಧುಗಳನ್ನು ನೋಡಿಬರಲು ಕೆಲವು ವಾರಗಳ ವೀಸಾ ಕೇಳುವವರಿಗೆ ಇದ್ದ ಪೂರ್ಣ ಮೇಲ್ಮನವಿಯ ಹಕ್ಕನ್ನು, ಮಾನವ ಹಕ್ಕಿನಂಥ ಸೀಮಿತ ಆಧಾರಗಳನ್ನು ಬಿಟ್ಟು, 2013ರ ಜೂನ್‌ನಲ್ಲಿ ತೆಗೆದುಹಾಕಲಾಯಿತು. ಬೇಕಿದ್ದರೆ ಹೊಸದಾಗಿ ಅರ್ಜಿ ಹಾಕಿ, ಇಲ್ಲವೇ ನ್ಯಾಯಾಂಗ ಪರಾಮರ್ಶೆಗೆ ಹೋಗಿ ಎಂಬುದು ಇದರ ಅರ್ಥ. ಮೇಲ್ಮನವಿಯಲ್ಲಿ ನ್ಯಾಯಾಧೀಶ ಸಾಕ್ಷ್ಯವನ್ನು ತಾನೇ ತೂಗಿ ತೀರ್ಮಾನವನ್ನು ಬದಲಿಸಬಲ್ಲ. ಪರಾಮರ್ಶೆಯಲ್ಲಿ ಆತ ನೋಡುವುದು ತೀರ್ಮಾನಕ್ಕೆ ಬಂದ ಕ್ರಮ ಕಾನೂನಿಗೆ ಒಪ್ಪುತ್ತದೆಯೇ ಎಂಬುದನ್ನು. ಗೆದ್ದರೂ ಕಡತ ಅದೇ ಇಲಾಖೆಗೆ ಮರಳುತ್ತದೆ. ಖರ್ಚು ಮಾತ್ರ ಹಲವು ಪಟ್ಟು. ಕೈಗೆಟಕುವ ಪರಿಹಾರವನ್ನು ಕಿತ್ತುಕೊಂಡು ದುಬಾರಿ ಪರಿಹಾರವನ್ನು ಉಳಿಸುವುದು ಖಜಾನೆಗೆ ಉಳಿತಾಯವೆಂದು ತೋರಬಹುದು. ಮೊಮ್ಮಗುವನ್ನು ನೋಡಬೇಕೆಂದ ಅಜ್ಜಿಗೆ ಅದು ಇಲ್ಲದ ಪರಿಹಾರವೇ. ವಕೀಲರು ಮೊದಲು ಕಳಿಸುವ ತಿಳಿವಳಿಕೆ ಪತ್ರಕ್ಕೇ ಇಲಾಖೆ ಕೆಲವೊಮ್ಮೆ ಮೆತ್ತಗಾಗಿ ಮರುಪರಿಶೀಲನೆ ಮಾಡುವುದೂ ಉಂಟು. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ನಮ್ಮಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ಕೊಡುವ ನೋಟಿಸಿನ ಉದ್ದೇಶವೂ ಅದೇ ಆಗಿತ್ತು. ನಾನು ಕಂಡಂತೆ ನಮ್ಮ ಕಚೇರಿಗಳಲ್ಲಿ ಅದು ಕಡತಕ್ಕೆ ಹೊಲಿಯುವ ಮತ್ತೊಂದು ಹಾಳೆ.

ಪರದೇಶಗಳ ದೋಷ ಎಣಿಸುವುದು ಸುಲಭ. ನಮ್ಮ ಬಾಗಿಲಲ್ಲಿ ನಿಂತವರಿಗೆ ನಾವೇನು ಹೇಳುತ್ತೇವೆ? ಪರದೇಶಿಯನ್ನು ಹೊರಹಾಕುವ ಕೇಂದ್ರ ಸರ್ಕಾರದ ಅಧಿಕಾರಕ್ಕೆ ಕಟ್ಟುಪಾಡಿಲ್ಲವೆಂದು ನಮ್ಮ ಸುಪ್ರೀಂ ಕೋರ್ಟ್ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ 1955ರಷ್ಟು ಹಿಂದೆಯೇ ಹೇಳಿದೆ. 1991ರಲ್ಲಿ, ದಶಕಗಳ ಕಾಲ ಇಲ್ಲೇ ಬಾಳಿದ ಬೆಲ್ಜಿಯಂ ಮೂಲದ ಪಾದ್ರಿಯೊಬ್ಬರ ಪ್ರಕರಣದಲ್ಲೂ ಆ ನಿಲುವನ್ನು ಸಡಿಲಿಸಲಿಲ್ಲ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಅಧಿನಿಯಮ ವಸಾಹತುಕಾಲದ ಹಳೆಯ ಕಾನೂನುಗಳನ್ನು ರದ್ದುಪಡಿಸಿತು. ಆದರೆ ಪ್ರವೇಶದ ವಿಚಾರದಲ್ಲಿ ವಲಸೆ ಅಧಿಕಾರಿಯ ತೀರ್ಮಾನವೇ ಅಂತಿಮವೆಂಬ ಮಾತು ಹೊಸ ಕಾನೂನಿನಲ್ಲಿ ಇದೆ. ಭಾರತೀಯರನ್ನು ಮದುವೆಯಾದ ವಿದೇಶಿಯರು ಎರಡು ವರ್ಷಗಳ ನಂತರ ಸಾಗರೋತ್ತರ ಭಾರತೀಯ ನಾಗರಿಕರೆಂದು ನೋಂದಾಯಿಸಿಕೊಳ್ಳಬಹುದಾದರೂ ಭದ್ರತಾ ಅನುಮೋದನೆ ಕಡ್ಡಾಯ. ಅದು ಸಿಗದಿದ್ದರೆ ಏಕೆಂದು ಕೇಳುವುದು ಯಾರನ್ನು?

ಸಂವಿಧಾನದ 226ನೇ ವಿಧಿ ಇರುವ ತನಕ ಯಾವ ಕಾಯ್ದೆಯ ‘ಅಂತಿಮ’ವೂ ಹೈಕೋರ್ಟಿನ ಮಟ್ಟಿಗೆ ಅಂತಿಮವಲ್ಲ ಎಂಬುದೇ ಸಮಾಧಾನ. ಪೆಹಲ್ಗಾಮ್‌ನ ಹತ್ಯಾಕಾಂಡದ ನಂತರ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನಿ ಪ್ರಜೆಗಳ ವೀಸಾ ರದ್ದಾದಾಗ, ಜಮ್ಮುವಿನಲ್ಲಿ ಭಾರತೀಯನನ್ನು ಮದುವೆಯಾಗಿ ಸುಮಾರು 38 ವರ್ಷ ದೀರ್ಘಾವಧಿ ವೀಸಾದ ಮೇಲೆ ಬಾಳಿದ್ದ 60 ದಾಟಿದ ಮಹಿಳೆಯನ್ನು ಅಟ್ಟಾರಿಯ ಗಡಿ ದಾಟಿಸಲಾಯಿತು. ಆಕೆ ವೀಸಾ ನವೀಕರಣಕ್ಕೆ ಜನವರಿಯಲ್ಲೇ ಅರ್ಜಿ ಹಾಕಿದ್ದರು. ಆಕೆಯನ್ನು ಮರಳಿ ಕರೆತರುವಂತೆ ಜೂನ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಆದೇಶಿಸಿತು. ಕೇಂದ್ರ ಮೇಲ್ಮನವಿ ಸಲ್ಲಿಸಿತು. ಕೊನೆಗೆ ಜುಲೈನಲ್ಲಿ ಸಂದರ್ಶಕ ವೀಸಾ ಕೊಡಲು ಸರ್ಕಾರ ತಾತ್ತ್ವಿಕವಾಗಿ ಒಪ್ಪಿತು. ಯುದ್ಧದ ಹೊಸ್ತಿಲಲ್ಲಿ ನಿಂತ ದೇಶ ಕಠಿಣ ಕ್ರಮ ಕೈಗೊಳ್ಳುವುದನ್ನು ನಾನು ಆಕ್ಷೇಪಿಸಲಾರೆ. ಆದರೆ ಸಾರಾಸಗಟು ಆದೇಶದೊಳಗೆ ಸಿಕ್ಕ ಒಂದು ಹೆಸರನ್ನು ಬೇರ್ಪಡಿಸಿ ನೋಡಿದ್ದು ನ್ಯಾಯಾಲಯವೇ ಹೊರತು ನನ್ನಂಥ ಅಧಿಕಾರಿಯಲ್ಲ.

ದೇಶದ ಭದ್ರತೆಯ ಮಾತು ಬಂದಾಗ ಕಾರಣ ಹೇಳಲಾಗದು ಎಂಬ ವಾದವಿದೆ. ಇದು ಹುರುಳಿಲ್ಲದ್ದಲ್ಲ, ಮಾಹಿತಿ ಕೊಟ್ಟವನ ಜೀವಕ್ಕೆ ಅಪಾಯವಿರಬಹುದು. ಆದರೆ ಮಲಯಾಳದ ಸುದ್ದಿವಾಹಿನಿಯೊಂದಕ್ಕೆ ಭದ್ರತಾ ಅನುಮೋದನೆ ನಿರಾಕರಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಭದ್ರತೆ ಎಂಬ ಪದ ಉಚ್ಚರಿಸಿದ ಮಾತ್ರಕ್ಕೆ ಸಹಜ ನ್ಯಾಯ ತತ್ವ ಮಾಯವಾಗುವುದಿಲ್ಲ. ಮುಚ್ಚಿದ ಲಕೋಟೆಯೇ ರೂಢಿಯಾಗಕೂಡದು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ 2017ರ ತೀರ್ಪು ಮದುವೆ, ಮನೆ, ಕುಟುಂಬ ಜೀವನವನ್ನೂ ಆ ಹಕ್ಕಿನೊಳಗೆ ಸೇರಿಸಿದೆ. ಆ ಮೊಕದ್ದಮೆ ಹೂಡಿದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು. ಅಮೆರಿಕದ ವಕೀಲೆಗೆ ಇಲ್ಲವೆಂದದ್ದನ್ನು ಭಾರತದ ಪ್ರಜೆ ತನ್ನ 21ನೇ ವಿಧಿಯಡಿ ಕೇಳಲು ಇಷ್ಟು ಆಧಾರ ಸಾಕು.

ಲಕ್ಷಾಂತರ ಅರ್ಜಿಗಳಿಗೆ ಕಾರಣ ಬರೆಯುತ್ತಾ ಕೂತರೆ ಕಚೇರಿ ನಡೆಯುವುದು ಹೇಗೆ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ಎಲ್ಲ ವೀಸಾಗಳಿಗೆ ಬೇಡ. ಭಾರತದ ಪ್ರಜೆಯ ಪತಿ, ಪತ್ನಿ, ಮಕ್ಕಳು ಮತ್ತು ತಂದೆತಾಯಿಯರ ಅರ್ಜಿ ತಿರಸ್ಕೃತವಾದಾಗ ಮಾತ್ರ, ಯಾವ ಸಂಗತಿಯನ್ನು ನಂಬಲಾಗಲಿಲ್ಲ ಮತ್ತು ಏಕೆ ಎಂಬುದನ್ನು ಒಂದು ಪುಟದಲ್ಲಿ ಬರೆದು, ಅದರ ಪ್ರತಿಯನ್ನು ಇಲ್ಲಿರುವ ಪ್ರಜೆಗೆ ಕೊಡಬೇಕು. ಬಚ್ಚಿಡಲೇಬೇಕಾದ ಮಾಹಿತಿಯಿದ್ದರೆ ಅದರ ಸಾರಾಂಶವನ್ನು ಕೊಟ್ಟು, ಮೂಲವನ್ನು ನ್ಯಾಯಾಧೀಶರ ಮುಂದಿಡಬೇಕು. ಅಸಮಾಧಾನವಿದ್ದರೆ ಆ ತೀರ್ಮಾನ ಮಾಡಿದವರನ್ನು ಬಿಟ್ಟು ಬೇರೊಬ್ಬ ಹಿರಿಯ ಅಧಿಕಾರಿ 60 ದಿನಗಳೊಳಗೆ ಮತ್ತೊಮ್ಮೆ ನೋಡಬೇಕು. ಹೈಕೋರ್ಟಿನ ಮೆಟ್ಟಿಲು ಅದರ ನಂತರ. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಹೊಸ ನ್ಯಾಯಮಂಡಳಿಯೂ ಬೇಕಿಲ್ಲ. ಹೊಸ ಅಧಿನಿಯಮದಡಿಯ ನಿಯಮಗಳಿಗೆ ಒಂದು ಅಧಿಸೂಚನೆಯ ಮೂಲಕ ಮೂರು ಉಪನಿಯಮಗಳನ್ನು ಸೇರಿಸಿದರೆ ಆಗುವ ಕೆಲಸ ಇದು.